ವೆಂಡೆಲನ ಗಟ್ಟಿ ತೋಳು

ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲು ಹೋಗಿ ವೆಂಡೆಲ್ ಕ್ರಾಟ್ಸ್‌ನ ಬಲಭುಜ ಕಳಕ್ಕೆಂದಿತು.

"ಬಂತೇನಪ್ಪಾ ಮುಚ್ಚಳ?" ಎಂದು ಮನೆಯೊಡತಿ ಓಪಲ್ ಅಜ್ಜಿ ಕೇಳಿದಳು.

"ಬಂತು ಅಜ್ಜಿ," ಎಂದ ವೆಂಡೆಲ್. ಜೊತೆಗೆ ಇನ್ನೇನು ಕಿತ್ತು ಬಂತೆಂದು ಹೇಳಲಿಲ್ಲ.

ಅಯೋವಾದ ಆ ಪುಟ್ಟ ಊರಿನ ಕೆಳದರ್ಜೆಯ ಬೇಸ್‌ಬಾಲ್ ತಂಡದಲ್ಲಿ ಅವನು ಪಿಚರ್. ಚೆಂಡೆಸೆಯುವುದೇ ಕೆಲಸ. ಅವನೊಡನೆ ಸೇರಿದವರೆಲ್ಲ ಒಂದೋ ದೊಡ್ಡ ಲೀಗಿಗೆ ಹತ್ತಿದ್ದರು, ಇಲ್ಲವೇ ಊರಿಗೆ ಹೋಗಿ ಟ್ರ್ಯಾಕ್ಟರ್ ಮಾರುತ್ತಿದ್ದರು. ವೆಂಡೆಲ್ ಮಾತ್ರ ಬಸ್ ನಿಲ್ದಾಣದಲ್ಲಿ ಮರೆತುಹೋದ ಗಂಟಿನಂತೆ ಅಲ್ಲೇ ಉಳಿದಿದ್ದ. ತೋಳು ನೋಯುತ್ತದೆಂದು ಬಾಯಿಬಿಟ್ಟರೆ ಅಂದೇ ಮನೆಗೆ ಕಳಿಸುತ್ತಾರೆ ಎಂಬ ಭಯ ಅವನಿಗೆ.

ಮೈದಾನಕ್ಕೆ ಬಂದರೆ, ಎಂದೂ ಹತ್ತಿರ ಸುಳಿಯದ ಮ್ಯಾನೇಜರ್ ಹಾರ್ಲನ್ ಟೀಗ್ ತಾನೇ ಬಂದು ಪಕ್ಕದಲ್ಲಿ ಕೂತ.

"ತೋಳು ಹೇಗಿದೆ?"

"ಕಬ್ಬಿಣ."

"ಸ್ವಲ್ಪಾನೂ ನೋವಿಲ್ವಾ? ಯೋಚನೆ ಮಾಡಿ ಹೇಳು."

"ಬೇಕಾದ್ರೆ ಇವತ್ತೇ ಎರಡು ಆಟ ಆಡಿಸಿ."

ಟೀಗ್ ನೆಲ ನೋಡಿ ನಿಟ್ಟುಸಿರುಬಿಟ್ಟು ಎದ್ದುಹೋದ. ಇವನಿಗೆ ಅನುಮಾನ ಬಂದಿದೆ ಎಂದು ವೆಂಡೆಲ್ ಇನ್ನಷ್ಟು ಎದೆಯುಬ್ಬಿಸಿ ನಡೆದ.

ಅವನ ಎಸೆತ ಹಿಡಿಯುವ ಕ್ಯಾಚರ್ ಎಲಿಸಿಯೋ ಮಾತ್ರ ಕಂಡುಹಿಡಿದ. "ಅಣ್ಣಾ, ನಿನ್ನ ಕೈ ಅಂಗಿ ಒಳಗೆ ಹೋಗ್ತಾನೇ ಇಲ್ವಲ್ಲ."

"ಬಾಯ್ ಮುಚ್ಕೊಂಡಿರು."

ಎಲಿಸಿಯೋ ಬಾಯಿ ಮುಚ್ಚಿಕೊಂಡ, ಕೈ ಸುಮ್ಮನಿರಲಿಲ್ಲ. ಅವನ ತಾಯಿ ಕಳಿಸಿದ್ದ ಮೆಣಸಿನ ಮುಲಾಮನ್ನು ಭುಜಕ್ಕೆ ಗಸಗಸ ತಿಕ್ಕಿದ. ವೆಂಡೆಲನಿಗೆ ಬೆಂಕಿಯ ಮೇಲೆ ಮಲಗಿಸಿದಂತಾಯಿತು. ಧಾರಾಕಾರ ಕಣ್ಣೀರಿಡುತ್ತಲೇ ಆಟಕ್ಕಿಳಿದ. ಆಟಕ್ಕೆ ಮುಂಚೆ ಹಾಡುವ ರಾಷ್ಟ್ರಗೀತೆಗೆ ಅಳುತ್ತಿದ್ದಾನೆಂದು ಜನ ಮೆಚ್ಚಿದರು.

ಅವನ ಕೈಬಿಟ್ಟ ಚೆಂಡು ಪರವೂರಿನಲ್ಲಿ ದಾರಿ ಕೇಳಿಕೊಂಡು ಹೋಗುವವರಂತೆ ಸಾಗಿತು. ವೇಗಕ್ಕೆ ಒಗ್ಗಿದ್ದ ಎದುರಾಳಿ ಹುಡುಗರು ಚೆಂಡು ಬರುವ ಮೊದಲೇ ಬ್ಯಾಟು ಬೀಸಿ, ಮುಗ್ಗರಿಸಿ, ತಲೆ ತಗ್ಗಿಸಿ ಹೋದರು. ಒಂದೊಂದು ಎಸೆತಕ್ಕೂ ವೆಂಡೆಲನ ಕಣ್ಣು ಕತ್ತಲಿಡುತ್ತಿತ್ತು. ಅವನು ತನ್ನ ಇಡೀ ವೃತ್ತಿಯಲ್ಲಿ ಅಂಥ ಆಟ ಆಡಿರಲಿಲ್ಲ. ಊರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿತು.

ಆಟ ಮುಗಿದ ಮೇಲೆ ಟೀಗ್ ತನ್ನ ಕೋಣೆಗೆ ಕರೆದ. ಕೊನೆಗೂ ದೊಡ್ಡ ಲೀಗಿನ ಕರೆ ಬಂತೆಂದು ವೆಂಡೆಲ್ ಎಡಗೈಯಲ್ಲೇ ಕೂದಲು ಬಾಚಿಕೊಂಡ.

"ನಿನ್ನನ್ನ ತೆಗೀಬೇಕಂತೆ," ಎಂದ ಟೀಗ್. "ಮೇಲಿನವರು ನಿನ್ನೆನೇ ಹೇಳಿದ್ರು. ಹೊಸ ಹುಡುಗ ಬರ್ತಿದಾನೆ."

"ಇವತ್ತಿನ ಆಟ ನೋಡಿದ್ರಲ್ಲ?"

"ನೋಡ್ದೆ. ಅದೇ ಗ್ರಹಚಾರ. ಗಾಯ ಆದವನನ್ನ ವಾಸಿಯಾಗೋವರೆಗೂ ತೆಗೆಯೋ ಹಾಗಿಲ್ಲ. ಬೆಳಿಗ್ಗೆ ನೋವು ಅಂತ ಒಂದು ಮಾತು ಅಂದಿದ್ರೆ ಈ ವರ್ಷ ಪೂರ್ತಿ ಕೂರಿಸಿ ಉಳಿಸ್ಕೋತಿದ್ದೆ. ನಾನೇ ಬಾಯಿಬಿಟ್ಟು ಹೇಳಿಕೊಡೋ ಹಾಗಿರ್ಲಿಲ್ಲ."

ವೆಂಡೆಲ್ ಎಡಗೈಯಿಂದ ಭುಜ ಮುಟ್ಟಿ ತೋರಿಸಿದ. "ನೋವಿದೆ, ಹಾರ್ಲನ್. ಬೆಳಿಗ್ಗೆಯಿಂದ ಇದೆ. ನಿಜವಾಗ್ಲೂ."

"ಊರಿಗೆ ಊರೇ ನೋಡಿದೆಯಲ್ಲೋ. ಈಗ ಯಾರು ನಂಬ್ತಾರೆ?"

ಟೀಗ್ ಎದ್ದು, ಬೀಳ್ಕೊಡಲು ಕೈ ಚಾಚಿದ. ವೆಂಡೆಲ್ ಬಲಗೈ ಎತ್ತಲು ನೋಡಿದ. ಅದು ಸೊಂಟದಿಂದ ಮೇಲೇಳಲಿಲ್ಲ.

ಚಾಚಿದ ಕೈ ಹಾಗೇ ಉಳಿಯಿತು. ಟೀಗನ ಮುಖ ಸಣ್ಣದಾಯಿತು.

"ಕೈ ಕೊಡೋಕೂ ಮನಸ್ಸಿಲ್ಲದಿದ್ರೆ ಬೇಡ ಬಿಡು," ಎಂದು ಅವನು ಬಾಗಿಲು ತೆರೆದ.