ಮೇಲಿನ ತಿಳಿ, ಕೆಳಗಿನ ಗಸಿ

ಪ್ರಯೋಗಾಲಯದ ಯಂತ್ರವನ್ನು ಮನೆಯ ಪಡಸಾಲೆಗೆ ತಂದದ್ದೇ ಕಾಂತರಾಜು ಮಾಡಿದ ತಪ್ಪು.

ಬೆಂಗಳೂರಿನ ಒಂದು ಕೃಷಿ ಪ್ರಯೋಗಾಲಯದಲ್ಲಿ ಅವನದು ದಿನಗೂಲಿ ಕೆಲಸ. ಅವರೆಕಾಯಿ ಕೊರೆಯುವ ಹುಳಕ್ಕೆ ರೋಗ ತರುವ ಒಂದು ವೈರಸ್ ಉಂಟು. ಆ ರೋಗದಿಂದ ಸತ್ತ ಹುಳಗಳನ್ನು ಅರೆದು, ಸೋಸಿ, ಹಿಡಿ ಹಿಡಿದು ಸುತ್ತುವ ಈ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರೆ ವೈರಸ್ಸೆಲ್ಲ ಗಾಜಿನ ಕೊಳವೆಯ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಅದನ್ನು ನೀರಿಗೆ ಕದಡಿ ಹೊಲಕ್ಕೆ ಹೊಡೆಯಬೇಕು.

"ನಾಳೆ ನಿಮ್ಮೂರು ಆವತೀಲಿ, ನಿಮ್ಮ ಹೊಲದಲ್ಲೇ ಹೊಡೆದು ತೋರಿಸು. ಫಲ ಕೊಟ್ರೆ, ಯಂತ್ರ ತಿರುಗಿಸೋಕೆ ಅಂತಲೇ ಒಂದು ಕಾಯಂ ಹುದ್ದೆ ಕೇಳ್ತೀನಿ" ಎಂದು ಮೇಲಧಿಕಾರಿ ಪದ್ಮಶ್ರೀ ಮೇಡಂ ಹೇಳಿದ್ದರು.

ತಂದ ಹುಳಗಳನ್ನೆಲ್ಲ ಅರೆದು ಸೋಸಿಟ್ಟು, ಯಂತ್ರವನ್ನು ಬೆಂಚಿಗೆ ಬಿಗಿಯುವಷ್ಟರಲ್ಲಿ ಎದುರುಮನೆಯ ವೆಂಕಟರಾಯಪ್ಪ ಹಾಜರಾದ.

"ಏನಪ್ಪಾ ಕಾಂತರಾಜ, ಬೆಣ್ಣೆ ತೆಗೆಯೋ ಮಿಷನ್ನಾ?"

"ಅಲ್ಲ ಮಾವ, ವೈರಸ್ ತೆಗೆಯೋದು."

ವೆಂಕಟರಾಯಪ್ಪ ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡ. "ನಮಗೂ ಅಂಟ್ಕೊಂಡ್ರೆ?"

"ಹುಳಕ್ಕೆ ಮಾತ್ರ ಅಂಟೋದು ಮಾವ."

"ಯಾರು ಹುಳ, ಯಾರು ಮನುಷ್ಯ ಅಂತ ಅದಕ್ಕೆ ಹೆಂಗಪ್ಪಾ ಗೊತ್ತಾಗ್ತದೆ?"

ಹಾಗೆಂದರೂ ಆತ ಹೋಗಲಿಲ್ಲ. ಹಿಡಿಗೆ ತಾನೂ ಕೈ ಹಾಕಿದ. ಅವನು ತಿರುಗಿಸಿದ ರಭಸಕ್ಕೆ ಬೆಂಚು ಹಗ್ಗ ಕಿತ್ತ ಕರುವಿನಂತೆ ಪಡಸಾಲೆಯೆಲ್ಲ ಓಡಾಡಿತು. ಕಾಂತರಾಜು ಅದರ ಮೇಲೆ ಕೂತು ಸವಾರಿ ಮಾಡುತ್ತಲೇ ಕೆಲಸ ಮುಗಿಸಿದ. ಸದ್ದು ಕೇಳಿ ಪಕ್ಕದ ಮನೆಯ ಪಾಪಕ್ಕ ಓಡಿಬಂದಳು.

ತಳದಲ್ಲಿ ಬೆಳ್ಳಗೆ ಗಸಿ ಕೂತಿತ್ತು. ಕಾಂತರಾಜು ಹಿಗ್ಗಿಹೋಗಿ, ಔಷಧಿ ಹೊಡೆಯುವ ಡಬ್ಬಿ ಎರವಲು ತರಲು ಹೋದ. ತಿರುಗಿ ಬಂದಾಗ ಕೊಳವೆಗಳು ಫಳಫಳ ಹೊಳೆಯುತ್ತಿದ್ದವು.

"ನೋಡಪ್ಪಾ, ಎಲ್ಲಾ ತೊಳೆದಿಟ್ಟಿದೀನಿ" ಎಂದಳು ಪಾಪಕ್ಕ. "ಮೇಲಿನ ತಿಳಿ ಚೊಂಬಲ್ಲಿದೆ, ಒಂದು ತೊಟ್ಟೂ ಚೆಲ್ಲಿಲ್ಲ."

"ತಳದಲ್ಲಿದ್ದದ್ದು?"

"ಆ ಗಸೀನಾ? ಮುಸುರೆ ನೀರಿಗೆ ಹಾಕಿ ನಮ್ಮ ಬೇಲಿ ಅವರೆ ಬಳ್ಳಿ ಮೇಲೆ ಎರಚ್ಬಿಟ್ಟೆ."

"ಅಯ್ಯೋ ಅಕ್ಕಾ! ಅದೇ ಕಣಕ್ಕಾ ವೈರಸ್ಸು!"

"ಕಡೆದ್ರೆ ಸಾರ ಮೇಲೆ ಬರ್ತದೆ ಕಣೋ. ನಿಂದು ಅದೆಂಥ ಬೆಣ್ಣೆ, ಕೆಳಗೆ ಕೂರೋದು?"

ಮತ್ತೆ ಅರೆಯೋಣವೆಂದರೆ ಸತ್ತ ಹುಳ ಒಂದೂ ಉಳಿದಿರಲಿಲ್ಲ. ಮರುದಿನ ಮೇಡಂ ಎದುರಿಗೆ ಕಾಂತರಾಜು ಚೊಂಬಿನ ತಿಳಿಯನ್ನೇ ಡಬ್ಬಿಗೆ ಸುರಿದು, ಗಂಭೀರವಾಗಿ ಹೊಲಕ್ಕೆಲ್ಲ ಹೊಡೆದ.

ವಾರ ಕಳೆದು ಮೇಡಂ ಮತ್ತೆ ಬಂದರು. ಮನೆ ಹಿಂದಿನ ಆ ಹೊಲದ ಹುಳಗಳು ಮದುವೆ ಊಟ ಮಾಡಿದವರಂತೆ ದುಂಡಗಾಗಿದ್ದವು. ಕಾಂತರಾಜು ತೊದಲುತ್ತಿರುವಾಗ ಬೇಲಿಯಾಚೆಯಿಂದ ಪಾಪಕ್ಕ ಕೂಗಿದಳು: "ಕಾಂತರಾಜೂ, ನಮ್ಮ ಬಳ್ಳೀಲಿ ಹುಳ ಎಲ್ಲಾ ಸತ್ತು ತಲೆಕೆಳಗಾಗಿ ನೇತಾಡ್ತಾವೆ ಬಾರೋ!"

ಮೇಡಂ ಓಡಿಹೋಗಿ ನೋಡಿದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಕಾಂತರಾಜು ಎಲ್ಲವನ್ನೂ ಹೇಳಿಬಿಟ್ಟ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತವನ ಬೆನ್ನಿಗೆ ಬಿದ್ದದ್ದು ಶಭಾಷ್‌ಗಿರಿಯ ತಟ್ಟು.

"ಮುಸುರೆ ನೀರಲ್ಲಿ ಬೆರೆಸಿದ್ರೂ ಇಷ್ಟು ಕೆಲಸ ಮಾಡಿದೆಯಾ! ದೊಡ್ಡ ವಿಷಯ ಕಣಯ್ಯಾ ಇದು!"

ಕಾಂತರಾಜುವಿನ ಕಣ್ಣೆದುರು ಕಾಯಂ ನೌಕರಿ ಕುಣಿಯಿತು.

"ಅಂದ್ರೆ ಇಷ್ಟು ಗಟ್ಟಿ ಮಾಡೋದೇ ಬೇಡ" ಎಂದು ಮೇಡಂ ಮುಂದುವರಿಸಿದರು. "ರೈತರೇ ಹುಳ ಅರೆದು, ಸೋಸಿ, ನೀರಿಗೆ ಬೆರೆಸಿ ಹೊಡೆದ್ರೆ ಸಾಕು. ಯಂತ್ರ ವಾಪಸ್ ತಂದ್ಬಿಡು."

"ಮೇಡಂ, ಆ ಹುದ್ದೆ?"

"ಯಂತ್ರವೇ ಬೇಡ ಅಂದ್ಮೇಲೆ ತಿರುಗಿಸೋರು ಯಾಕಪ್ಪಾ?"

ಪಾಪಕ್ಕನಿಗೆ ಮಾತ್ರ ನಿಜಕ್ಕೂ ಖುಷಿಯಾಯಿತು. "ಒಳ್ಳೇದೇ ಆಯ್ತು ಬಿಡು" ಎಂದಳು. "ಪಾಪ, ಅದನ್ನ ತಿರುಗ್ಸಿ ತಿರುಗ್ಸಿ ನಿನ್ನ ತೋಳು ಬಿದ್ದೋಗ್ತಿತ್ತು."