ಚಿಕೂನ್‌ಗುನ್ಯಾದ ಮದುವೆ ಊಟ

ಅಚ್ಚಿನ ಕೆಲಸದಲ್ಲಿ ನನ್ನ ಕೈಯಿಂದ ತಪ್ಪಾಗುವುದಿಲ್ಲ. ಹೀಗೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಕೊಪ್ಪದಲ್ಲಿ ಬಸ್ಸು ನಿಲ್ಲುವ ಕಡೆ ನನ್ನ ಡಿ.ಟಿ.ಪಿ. ಅಂಗಡಿ. ಪಿರಿಯಾಪಟ್ಟಣದಿಂದ ಹುಣಸೂರಿನವರೆಗೆ ಯಾರ ಮನೆಯಲ್ಲಿ ಮದುವೆಯಾದರೂ, ತಿಥಿಯಾದರೂ ಪತ್ರಿಕೆ ನನ್ನದೇ. ಮದುವೆಗೆ ಹಳದಿ ಕಾಗದ, ತಿಥಿಗೆ ಬಿಳಿ ಕಾಗದ. ಇಷ್ಟು ನೆನಪಿದ್ದರೆ ಈ ಕಸುಬಿನಲ್ಲಿ ಮನುಷ್ಯ ಕೆಡುವುದಿಲ್ಲ ಎನ್ನುವುದು ನನ್ನ ಸಿದ್ಧಾಂತವಾಗಿತ್ತು.

ನನ್ನ ಇನ್ನೊಂದು ಗುಣ ಕುತೂಹಲ. ನನ್ನ ಹೆಂಡತಿ ಗಿರಿಜಾ ಅದನ್ನು ಮೂಗು ತೂರಿಸುವುದು ಎನ್ನುತ್ತಾಳೆ. ನಮ್ಮ ಅಂಗಡಿಯಿಂದ ಸ್ವಲ್ಪ ದೂರದಲ್ಲೇ ಟಿಬೆಟನ್ನರ ಕ್ಯಾಂಪು. ಅವರು ಚಹಾಕ್ಕೆ ಬೆಣ್ಣೆ ಹಾಕುವುದು ಸರಿ, ಉಪ್ಪೇಕೆ? ಮನೆ ಮೇಲೆ ಕಟ್ಟಿದ ಬಣ್ಣದ ಬಾವುಟಗಳನ್ನು ಎಂದಾದರೂ ಒಗೆಯುತ್ತಾರೋ? ಇಂಥ ಘನವಾದ ಪ್ರಶ್ನೆಗಳಿಗೆ ಉತ್ತರ ಹೇಳುವ ಕರ್ಮ ದೋರ್ಜೆಯದು. ಆತ ಕ್ಯಾಂಪಿನಲ್ಲೇ ಹುಟ್ಟಿದವನು. ಮುಸುಕಿನ ಜೋಳ ಬೆಳೆಯುತ್ತಾನೆ, ಚಳಿಗಾಲದಲ್ಲಿ ಮೈಸೂರಿಗೆ ಹೋಗಿ ಸ್ವೆಟರ್ ಮಾರುತ್ತಾನೆ, ಕನ್ನಡವನ್ನು ನಮ್ಮಂತೆಯೇ ಆಡುತ್ತಾನೆ.

ಅದು ಚಿಕೂನ್‌ಗುನ್ಯಾ ಬಂದ ವರ್ಷ. ಯಾರು ಎದುರಾದರೂ ಸೊಂಟ ಬಗ್ಗಿಸಿಕೊಂಡೇ ಬರುತ್ತಿದ್ದರು. ನನಗೇ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡು ಮೊದಲೆರಡು ದಿನ ನಾನೂ ಕೈ ಮುಗಿದೆ! ಒಂದು ಬೆಳಿಗ್ಗೆ ದೋರ್ಜೆ ಸಪ್ಪೆ ಮುಖ ಹಾಕಿಕೊಂಡು ಅಂಗಡಿಗೆ ಬಂದ.

"ಸೋಮಣ್ಣ ಲಾ, ಮೋಮೋಗೆ ಜ್ವರ."

ಮೋಮೋ ಎಂದರೆ ನನಗೆ ಗೊತ್ತಿದ್ದದ್ದು ಒಂದೇ. ಕೋಸು ತುಂಬಿ ಹಬೆಯಲ್ಲಿ ಬೇಯಿಸುವ ಕಡುಬು. ಅದಕ್ಕೂ ಜ್ವರ ಬಂತೆಂದರೆ ಕಾಯಿಲೆ ಎಲ್ಲಿಗೆ ಮುಟ್ಟಿತು ಎಂದು ನನಗೆ ಗಾಬರಿಯಾಯಿತು.

"ಹಾಗಾದ್ರೆ ಯಾರೂ ತಿನ್ಬೇಡಿ. ಹೊರಗೆ ಎಸೆದುಬಿಡಿ!" ಎಂದೆ.

ದೋರ್ಜೆ ನನ್ನ ಮುಖವನ್ನೇ ನೋಡಿದ. "ನಮ್ಮ ಅಜ್ಜಿ ಕಣಣ್ಣ! ಅಜ್ಜಿಗೆ ನಾವು ಮೋಮೋ ಲಾ ಅಂತೀವಿ."

ಅಜ್ಜಿಯ ಜ್ವರ ಇಳಿಯುತ್ತಿತ್ತು, ಆದರೆ ಕೀಲುನೋವು ಬಿಟ್ಟಿರಲಿಲ್ಲ. ಕ್ಯಾಂಪಿನ ಚಿಕ್ಕ ಆಸ್ಪತ್ರೆಯಲ್ಲಿ ನೋವಿನ ಮಾತ್ರೆ, ಡ್ರಿಪ್ಪಿನ ಬಾಟಲಿ ಎಲ್ಲ ಮುಗಿಯುತ್ತ ಬಂದಿದ್ದವು. ಅಲ್ಲಿಗೆ ಕ್ಯಾಂಪಿನವರಷ್ಟೇ ಅಲ್ಲ, ಸುತ್ತಲ ಹಳ್ಳಿಯವರೂ ಬರುತ್ತಿದ್ದರು. ಕ್ಯಾಂಪಿನವರು ತಮ್ಮತಮ್ಮಲ್ಲೇ ಚಂದಾ ಎತ್ತಿದ್ದರು, ಸಾಲಲಿಲ್ಲ. ಅದಕ್ಕೆ ಭಾನುವಾರ ಮಧ್ಯಾಹ್ನ ಸಮುದಾಯ ಭವನದಲ್ಲಿ ಎಲ್ಲರಿಗೂ ಊಟ ಹಾಕುವುದು, ಬಾಗಿಲಲ್ಲಿ ಒಂದು ಪೆಟ್ಟಿಗೆ ಇಡುವುದು, ಉಂಡವರು ತಮಗೆ ತೋಚಿದ್ದು ಹಾಕಿ ಹೋಗುವುದು ಎಂದು ತೀರ್ಮಾನವಾಗಿತ್ತು. ಊರವರನ್ನು ಕರೆಯಲು ಕನ್ನಡದಲ್ಲಿ ಕರಪತ್ರ ಬೇಕಿತ್ತು.

"ಕಾಗದ ನಂದು, ಅಚ್ಚು ನಂದು, ಭಾಷೆಯೂ ನಂದು. ಒಂದು ಕಾಸೂ ಬೇಡ!" ಎಂದು ಘೋಷಿಸಿದೆ.

ಅವನು ಹೋದ ಮೇಲೆ ಗಿರಿಜಾ ಒಳಗಿನಿಂದ ಬಂದಳು. "ಏನ್ರೀ, ಅಷ್ಟು ಚಿಕ್ಕೋನು ನಿಮ್ಗೆ 'ಲಾ' ಅಂತಾನಲ್ಲ? ದನ ಕಾಯೋ ಜೊತೆಗಾರನ್ನ ಕರ್ದಂಗೆ!"

"ಅವರ ಭಾಷೆಯಲ್ಲಿ 'ಲಾ' ಅಂದ್ರೆ ಮರ್ಯಾದೆ ಕಣೆ. ನಮ್ಮ 'ರೀ' ಇದ್ದ ಹಾಗೆ."

"ಅಂಗಾ? ಬುಡಿ ಮತ್ತೆ, ಇನ್ಮೇಲೆ ನಾನೂ ನಿಮ್ಗೆ ಅಂಗೇ ಮರ್ಯಾದೆ ಕೊಡ್ತೀನಿ" ಎಂದು ನಕ್ಕಳು.

ನಾನು ಕಂಪ್ಯೂಟರಿನ ಮುಂದೆ ಕೂತೆ. ಹೊಸದಾಗಿ ಎಲ್ಲವನ್ನೂ ಕುಟ್ಟುವುದು ದಡ್ಡರ ಲಕ್ಷಣ. ಕಟ್ಟೆಮಳಲವಾಡಿಯ ಪಾರ್ಟಿಯೊಂದರ ಮದುವೆ ಪತ್ರಿಕೆ ಸಿದ್ಧವಾಗಿಯೇ ಇತ್ತು. ಅದನ್ನೇ ತೆರೆದೆ. ಗಣಪತಿಯನ್ನು ತೆಗೆದೆ. ವಧೂವರರನ್ನು ಅಳಿಸಿದೆ. ಅವರ ಜಾಗದಲ್ಲಿ "ಜ್ವರಪೀಡಿತರ ಔಷಧೋಪಚಾರದ ಸಹಾಯಾರ್ಥ ಭೋಜನಕೂಟ" ಎಂದು ಭಾರಿ ಅಕ್ಷರದಲ್ಲಿ ಕೂರಿಸಿದೆ. ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಬೇಕೆಂಬ ಸಾಲು ಚೆನ್ನಾಗಿತ್ತು, ಬಿಟ್ಟೆ. ಕಾಗದ? ಇದು ತಿಥಿಯಲ್ಲವಲ್ಲ. ಹಳದಿ!

"ಒಂದ್ಸಲ ನಾನೂ ಓದ್ಲಾ?" ಎಂದಳು ಗಿರಿಜಾ.

"ಇಪ್ಪತ್ತು ವರ್ಷದ ಅನುಭವ ಕಣೆ ನಂದು" ಎಂದು ಅವಳ ಕೈಗೆ ಸಿಗದಂತೆ ಕಟ್ಟು ಕಟ್ಟಿ ಬಸ್ಸಿಗೆ ಹಾಕಿಸಿದೆ.

ಭಾನುವಾರ ಬಂತು. ಜನವೂ ಬಂತು. ಅಬ್ಬಾ, ಏನು ಜನ! ಟ್ರ್ಯಾಕ್ಟರಿನಲ್ಲಿ, ಟೆಂಪೊದಲ್ಲಿ, ರೇಷ್ಮೆ ಸೀರೆ ಉಟ್ಟು, ಮಕ್ಕಳಿಗೆ ಪೌಡರ್ ಬಳಿದು ಬಂದರು. ನನ್ನ ಕನ್ನಡದ ಶಕ್ತಿಗೆ ನಾನೇ ಬೆರಗಾದೆ. ಅಜ್ಜಿಯನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿದ್ದರು. ಬಂದವರನ್ನು ತಾನೇ ಎದುರುಗೊಳ್ಳಬೇಕೆಂದು ಆಕೆಯ ಹಟ. ಊಟಕ್ಕೆ ಕೂತವರು ಕಡುಬನ್ನು ತಿರುಗಿಸಿ ತಿರುಗಿಸಿ ನೋಡಿದರು. ಶಾವಿಗೆ ಸಾರನ್ನು ಸೊರ್ ಎಂದು ಕುಡಿದು, ಇನ್ನೊಂದು ಸಲ ಹಾಕಿಸಿಕೊಂಡರು.

ಉಂಡವರೆಲ್ಲ ಸಾಲಾಗಿ ಬಾಗಿಲಿಗೆ ಬಂದರು. ಪೆಟ್ಟಿಗೆಯನ್ನು ದಾಟಿದರು. ಅಜ್ಜಿಯ ತಲೆಯ ಮೇಲೆ ತಾವೇ ತಂದಿದ್ದ ಅಕ್ಷತೆ ಹಾಕಿದರು. ಟ್ರ್ಯಾಕ್ಟರಿನ ಕಡೆ ಹೊರಟರು!

ನನಗೆ ಏನೂ ಅರ್ಥವಾಗಲಿಲ್ಲ. ಅಜ್ಜಿಗೆ ಮಾತ್ರ ಪರಮಾನಂದ. ಅವರಲ್ಲೂ ಶುಭಕ್ಕೆ ಹಿಟ್ಟು ತೂರುವ ಪದ್ಧತಿಯಂತೆ. ನೋವಿನ ಕೈಯನ್ನು ಹೇಗೋ ಎತ್ತಿ, ಅಕ್ಕಿ ಹಾಕಿದವರಿಗೆಲ್ಲ ಚಿಟಿಕೆ ಹಿಟ್ಟು ಎರಚುತ್ತಿದ್ದಳು. ರೇಷ್ಮೆ ಸೀರೆಗಳೆಲ್ಲ ಬೆಳ್ಳಗಾದವು. ಪೆಟ್ಟಿಗೆಯೊಳಗೆ ಮಾತ್ರ ದೋರ್ಜೆ ಶಾಸ್ತ್ರಕ್ಕೆಂದು ಹಾಕಿದ್ದ ಒಂದೇ ನೋಟು.

ಕಟ್ಟೆಮಳಲವಾಡಿಯ ಹಿರಿಯರು ಚಿಕ್ಕೇಗೌಡರು ನನ್ನನ್ನು ಪಕ್ಕಕ್ಕೆ ಕರೆದರು. "ಊಟ ಬೋ ಚೆನ್ನಾಗಿತ್ತು ಕಣ್ರೀ. ಅಲ್ಲಾ, ಅಳದಿ ಕಾಗ್ದ ನೋಡಿ ಮದ್ವೆ ಅಂತ ಬಂದ್ರೆ ಗಂಡೂ ಇಲ್ಲ, ಎಣ್ಣೂ ಇಲ್ಲ. ಆ ಅಜ್ಜಿಗೇ ಎರಡನೇ ಮದ್ವೆಯಾ?"

"ಮದುವೆ ಅಲ್ಲ ಗೌಡ್ರೇ! ಔಷಧಿಗೆ ಸಹಾಯ! ಆ ಪೆಟ್ಟಿಗೆ ಇಟ್ಟಿದ್ದೇ ಅದಕ್ಕೆ!"

"ಅಂಗಂತ ಎಂಗೆ ಆಕೋದು? ನೀವೇ ಅಚ್ಚು ಒಡ್ಸಿದ್ದೀರಲ್ಲ!" ಎಂದು ಜೇಬಿನಿಂದ ಕರಪತ್ರ ತೆಗೆದು ಕೆಳತುದಿಗೆ ಬೆರಳಿಟ್ಟರು.

ಅಲ್ಲಿ, ಎರಡು ಹೂಬಳ್ಳಿಗಳ ನಡುವೆ, ಮುದ್ದಾದ ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಆಶೀರ್ವಾದವೇ ಉಡುಗೊರೆ."

ನೆಲ ಬಾಯಿ ಬಿಡಬಾರದೇ ಎನಿಸಿತು. "ಬ್ಯಾಡ ಅಂದ ಮ್ಯಾಲೂ ದುಡ್ಡು ಆಕುದ್ರೆ ಮನೆಯೋರ್ಗೆ ಅವಮಾನ ಅಲ್ವಾ?" ಎಂದು ಗೌಡರು ನ್ಯಾಯವಾಗಿಯೇ ಕೇಳಿದರು. ಅಷ್ಟು ಮರ್ಯಾದಸ್ಥ ಜನರನ್ನು ನಾನೇ ಕೈಕಟ್ಟಿ ಕಳಿಸಿದ್ದೆ. ಅಜ್ಜಿಯ ಮಾತ್ರೆಗೆ ನಾನೇ ಕಲ್ಲು ಹಾಕಿದ್ದೆ.

ಇಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಓಡಿಹೋಗಿ ಮೈಕು ಹಿಡಿದೆ. ಹಣ ಕೊಡಿ ಎಂದು ಬಾಯಿಬಿಟ್ಟು ಕೇಳಲು ಸಂಕೋಚ. ಗಂಭೀರವಾಗಿ ಹೇಳಿದೆ: "ಮಹನೀಯರೇ, ಮಹಿಳೆಯರೇ! ಕರಪತ್ರದ ಕೊನೆಯ ಸಾಲು ಅಚ್ಚಿನ ದೋಷ. ಉಡುಗೊರೆಯನ್ನು ಸಂತೋಷದಿಂದ ಸ್ವೀಕರಿಸಲಾಗುವುದು!"

ಜನ ಕರಗಿತು. ಟ್ರ್ಯಾಕ್ಟರುಗಳು ಕೊಪ್ಪದ ಅಂಗಡಿ ಬೀದಿಯ ಕಡೆ ಓಡಿದವು. ಅರ್ಧ ಗಂಟೆಯಲ್ಲಿ ಎಲ್ಲರೂ ವಾಪಸು ಬಂದರು, ಬಣ್ಣದ ಕಾಗದ ಸುತ್ತಿದ ಪೊಟ್ಟಣಗಳೊಂದಿಗೆ! ಸ್ಟೀಲ್ ಬೋಸಿ, ಸ್ಟೀಲ್ ಕೊಳಗ, ಹಾಲು ಕಾಯಿಸುವ ಪಾತ್ರೆ, ಗೋಡೆ ಗಡಿಯಾರ. ಒಬ್ಬ ತಾಯಿಯಂತೂ ಅಜ್ಜಿಯ ಮಡಿಲಿಗೆ ಹೊಸ ತೊಟ್ಟಿಲನ್ನೇ ಇಡಹೋದಳು. ನಾನು ಅಡ್ಡ ಬಂದು ತಡೆದೆ.

"ಸೋಮಣ್ಣ ಲಾ, ಜ್ವರಕ್ಕೆ ಬೋಸಿ ಕುಡಿಸ್ಲಾ?" ಎಂದ ದೋರ್ಜೆ. ಮೊದಲ ಸಲ ಆ 'ಲಾ' ನನಗೆ ಮರ್ಯಾದೆಯ ಹಾಗೆ ಕೇಳಿಸಲಿಲ್ಲ.

ನಾಲ್ಕು ಗಂಟೆಗೆ ಪಾತ್ರೆ ಅಂಗಡಿಯ ರಹಮತ್ ಸಾಬರು ಬಂದರು. ಒಂದೇ ಏಟಿಗೆ ಅಂಗಡಿ ಖಾಲಿಯಾದದ್ದು ಯಾವ ಮದುವೆಗೆ ಎಂದು ನೋಡಲು ಬಂದಿದ್ದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅಜ್ಜಿಯ ಊದಿದ ಬೆರಳುಗಳನ್ನು ನೋಡಿ ನಗು ನಿಲ್ಲಿಸಿದರು.

"ನಮ್ಮ ಅಮ್ಮೀಜಾನ್ ಕೈನೂ ಹಿಂಗೇ ಆಗಿದೆ. ಎಲ್ಲ ಪಾತ್ರೆ ನನ್ನ ಗಾಡೀಲಿ ತುಂಬ್ಸಿ ಸ್ವಾಮಿ. ಮಧ್ಯಾಹ್ನ ಮಾರಿದ ರೇಟಿಗೇ ನಾನು ವಾಪಸ್ ತಗೊಂಡೆ."

ಅಷ್ಟು ಒಳ್ಳೆಯ ಮಾತನ್ನು ನಾನು ಆ ದಿನ ಬೇರೆ ಕೇಳಿರಲಿಲ್ಲ, ಕಣ್ಣು ತುಂಬಿತು. ಬುಧವಾರದ ಬಸ್ಸಿಗೆ ಮೈಸೂರಿನಿಂದ ಔಷಧಿಯ ಡಬ್ಬಗಳು ಬಂದವು. ತೊಟ್ಟಿಲನ್ನು ಆ ತಾಯಿಗೇ ಕೊಟ್ಟು ಕಳಿಸಿದೆವು. ಸಾಬರು ಗಡಿಯಾರ ಮಾರುವುದಿಲ್ಲವಾದ್ದರಿಂದ ಅವೆಲ್ಲ ಕ್ಯಾಂಪಿನ ಆಸ್ಪತ್ರೆಯ ಗೋಡೆಗೇರಿದವು. ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ.

ಹತ್ತು ದಿನ ಕಳೆಯಲಿಲ್ಲ, ನಾನೇ ಮಲಗಿದೆ. ಜ್ವರ, ಮೈಕೈ ನೋವು, ಬೆರಳು ಮಡಚಲಾಗದು. ಕುತೂಹಲ ತಾಳದೆ ಆಸ್ಪತ್ರೆಯಲ್ಲಿ ಒಬ್ಬೊಬ್ಬರ ಕೀಲನ್ನೂ ಮುಟ್ಟಿ ನೋಡಿದ್ದಕ್ಕೇ ಹೀಗಾಯಿತು ಎಂದು ಗಿರಿಜಾ. ಸೊಳ್ಳೆ ಕಚ್ಚಿದ್ದು ಎಂದು ನಾನು. ಮೂರನೇ ದಿನ ಮೋಮೋ ಲಾ ದೋರ್ಜೆಯ ತೋಳು ಹಿಡಿದು, ತನ್ನ ಕಾಲಿನಲ್ಲೇ ನಡೆದು, ನಮ್ಮ ಮನೆಗೆ ಬಂದಳು. ಮಾತ್ರೆಯ ಪೊಟ್ಟಣವನ್ನು ನನ್ನ ದಿಂಬಿನ ಪಕ್ಕ ಇಟ್ಟು ತನ್ನ ಭಾಷೆಯಲ್ಲಿ ಏನೋ ಹೇಳಿದಳು.

"ದುಡ್ಡು ಎಷ್ಟಾಯ್ತು ದೋರ್ಜೆ?" ಎಂದು ನರಳಿದೆ.

ಅವನು ಮಡಚಿದ ಹಳದಿ ಕಾಗದವೊಂದನ್ನು ಜೇಬಿನಿಂದ ತೆಗೆದು, ನಿಧಾನವಾಗಿ ಬಿಡಿಸಿ, ಕೆಳತುದಿಯನ್ನು ಓದಿದ. "ಆಶೀರ್ವಾದವೇ ಉಡುಗೊರೆ."

ಕೈ ಮುಗಿಯೋಣವೆಂದರೆ ಎರಡೂ ಕೈ ಮೇಲೇಳಲಿಲ್ಲ. ಗಿರಿಜಾ ನೀರಿನ ಲೋಟ ಹಿಡಿದುಕೊಂಡು ನಿಂತಿದ್ದಳು. "ಸಾಕು ಮಾತು, ಮೊದ್ಲು ಮಾತ್ರೆ ನುಂಗ್ಲಾ" ಎಂದಳು.

ಅದು ಅವರ 'ಲಾ'ನೋ ನಮ್ಮ 'ಲಾ'ನೋ ಎಂದು ಕೇಳುವ ಕುತೂಹಲ ನನಗೆ ಬಹಳವಾಗಿತ್ತು. ಕೇಳಲಿಲ್ಲ. ಬಾಯಿ ತೆರೆದು ಮಾತ್ರೆ ನುಂಗಿದೆ.