ಮೊಣಕೈ ಒಳಗೆ, ನಾನು ಹೊರಗೆ

ಕೈ ಚಾಚುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಿವೃತ್ತಿಯಾಗುವವರೆಗೂ ನಾನು ಡ್ರಿಲ್ ಮೇಷ್ಟ್ರು. ಕೈ ಮುಂದೆ, ಕೈ ಮೇಲೆ, ಕೈ ಪಕ್ಕಕ್ಕೆ ಎಂದು ಅರ್ಧ ಮಧುಗಿರಿಯ ಭುಜಗಳನ್ನು ಹದಗೊಳಿಸಿದ್ದೇನೆ. ಆದ್ದರಿಂದ ಮೊನ್ನೆ ಪಾವಗಡಕ್ಕೆ ಹೋಗುವ ಬಸ್ಸು ನಿಲ್ದಾಣಕ್ಕೆ ಬಂದಾಗ, ಮಂಡಿನೋವಿನ ಹೆಂಡತಿಗೆ ಸೀಟು ಹಿಡಿಯುವ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ.

"ಕಿಟಕಿಯಿಂದ ಟವೆಲ್ ಎಸ್ದ್‌ಬುಡ್ರೀ, ಸಾಕು," ಎಂದಳು ಸರೋಜ.

"ಎಸೆಯೋದು ಅನಾಗರಿಕತೆ. ಇಡಬೇಕು," ಎಂದೆ.

ಕಿಟಕಿಯ ಪಕ್ಕ ಆಗಲೇ ಒಬ್ಬ ಅಜ್ಜಿ ಕೂತಿದ್ದರು. ಅವರಾಚೆಯ ಸೀಟು ಖಾಲಿ. ತುದಿಗಾಲಲ್ಲಿ ನಿಂತು, ಎರಡು ಅಡ್ಡಕಂಬಿಗಳ ನಡುವೆ ಬಲಗೈ ತೂರಿಸಿದೆ. ಮಣಿಕಟ್ಟು ಹೋಯಿತು. ಮೊಣಕೈ ಹೋಯಿತು. ಇನ್ನೂ ಒಂದು ಗೇಣು ಬೇಕಿತ್ತು. ಭುಜವನ್ನು ಒಳಕ್ಕೆ ತಿರುಗಿಸಿ, ಮೊಣಕೈ ಮೇಲೆತ್ತಿ, ಅಂಗೈ ಕವುಚಿ, ಅಜ್ಜಿಯ ಮೂಗಿನ ಮುಂದೆಯೇ ಹಾಯಿಸಿ ಖಾಲಿ ಸೀಟಿನ ಮೇಲೆ ಟವೆಲ್ ಇಳಿಸಿದೆ. ವಿಜಯ!

ಕೈ ಹಿಂದಕ್ಕೆಳೆದೆ. ಬರಲಿಲ್ಲ.

ಮೇಲೆತ್ತಿದ ಮೊಣಕೈ ಕಂಬಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು. ಅಷ್ಟರಲ್ಲಿ ಬಸ್ಸು ಹಿಂದಕ್ಕೆ ಚಲಿಸತೊಡಗಿತು!

ನಾನೂ ಚಲಿಸಿದೆ. ಬೇರೆ ಆಯ್ಕೆ ಇರಲಿಲ್ಲ.

"ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದೆ. ಬಸ್ಸಿನ ಹಿಂದೆ ನಿಂತ ಕಂಡಕ್ಟರ್ "ಬರ್ಲಿ, ಬರ್ಲಿ" ಎಂದು ಸೀಟಿ ಊದುತ್ತಲೇ ಇದ್ದ.

"ಲೇ, ನಮ್ ಮೇಷ್ಟ್ರು ಕಣ್ಲಾ! ಬಸ್ ಜೊತೆ ವಾಕಿಂಗ್ ಮಾಡ್ತಾವ್ರೆ!" ಎಂದ ಹೂವಿನಂಗಡಿಯವನು.

ನಾನು ನಗಲಿಲ್ಲ. ಬಸ್ಸು ಹೋಗುತ್ತಿದ್ದ ಕಡೆ ಒಂದು ಸಿಮೆಂಟು ಕಂಬ ಕಾಣುತ್ತಿತ್ತು. ಕಂಬಕ್ಕೂ ಬಸ್ಸಿಗೂ ನಡುವೆ ಒಬ್ಬ ತೆಳ್ಳಗಿನ ಮನುಷ್ಯ ಹಿಡಿಸುವಷ್ಟು ಜಾಗವಿತ್ತು. ನಾನು ತೆಳ್ಳಗಿಲ್ಲ.

"ಅದೇನ್ ತಿರುಗ್ಸಿದ್ರೋ ವಾಪಸ್ ತಿರುಗ್ಸ್ರೀ!" ಸರೋಜ ಕುಂಟುತ್ತಾ ಹಿಂದೆ ಓಡಿಬರುತ್ತಿದ್ದಳು.

ಮೊದಲು ತಿರುಗಿಸಿದ್ದು ಭುಜವೋ, ಮೊಣಕೈಯೋ? ಜೀವಮಾನದ ವಿದ್ಯೆ ಪೂರ್ತಿ ಮರೆತುಹೋಯಿತು. ಕಂಬ ಹತ್ತಿರವಾಯಿತು. ಒಳಗಿದ್ದ ಕೈಯನ್ನು ಅಂಗಾತ ಮಾಡಿ, ಸಹಾಯ ಬೇಡುತ್ತಾ ಅಜ್ಜಿಯ ಮುಂದೆ ಆಡಿಸಿದೆ.

"ಅಯ್ಯೋ ದೇವುಡಾ! ಬಸ್ ಓಡ್ತಿದ್ರೂ ಬುಡಾಕಿಲ್ವಲ್ಲಪ್ಪಾ ನೀವು!" ಎಂದು ಅಜ್ಜಿ ಅಂಗೈಗೆ ಎರಡು ರೂಪಾಯಿ ಹಾಕಿದರು.

ಅಂಗೈ ಮೇಲಾದದ್ದರಿಂದ ಮೊಣಕೈ ತಾನಾಗಿ ಕೆಳಗಿಳಿದಿತ್ತು. ತೋಳು ನೆಟ್ಟಗಾಯಿತು. ಭಿಕ್ಷೆಯ ಸಮೇತ ಕೈ ಹೊರಬಂತು! ನಾನು ಪಕ್ಕಕ್ಕೆ ಹಾರಿದೆ. ಕಂಬ ಬಸ್ಸಿನ ಪಕ್ಕ ಸವರಿಕೊಂಡಂತೆ ಹಾದುಹೋಯಿತು.

ನಾವು ಹತ್ತುವಷ್ಟರಲ್ಲಿ ಟವೆಲ್ಲಿನ ಮೇಲೆ ಯಾರೋ ಭದ್ರವಾಗಿ ಕೂತಿದ್ದರು. ಭುಜ ಉಳುಕಿ ಜೋತುಬಿದ್ದ ನನ್ನ ಬಲಗೈ ಕಂಡ ಕಂಡಕ್ಟರ್, ಮರುಕದಿಂದ ಅಂಗವಿಕಲರ ಸೀಟು ಬಿಡಿಸಿಕೊಟ್ಟ. "ನೀನು ಕೂತ್ಕೋ" ಎಂದು ಏಳಹೊರಟೆ.

"ಸುಮ್ನೆ ಕೂತ್ಕಳ್ರೀ," ಎಂದಳು ಸರೋಜ. "ಇನ್ನೊಂದ್ ಕೈನೂ ಎಲ್ಲಾದ್ರೂ ಸಿಗಾಕಿಸ್ಬುಟ್ಟೀರಾ!"

ಪಾವಗಡದವರೆಗೂ ಮಂಡಿನೋವಿನವಳು ನಿಂತಿದ್ದಳು. ನಾನು ಕೂತಿದ್ದೆ. ಬ್ರೇಕ್ ಬಿದ್ದಾಗಲೆಲ್ಲ ಅವಳು ಆಧಾರಕ್ಕೆ ನನ್ನ ಭುಜ ಹಿಡಿಯುತ್ತಿದ್ದಳು.

ಬಲಭುಜ!